ಕತ್ತರಿ ಮಾಮ ಮಾಡಿದ ತಲೆಗಳು

ಬೆಳಿಗ್ಗೆ ಆರು ಗಂಟೆ ನಲವತ್ತೆರಡು ನಿಮಿಷಕ್ಕೆ ಕತ್ತರಿ ಮಾಮ ಎಡಗೈಯಲ್ಲಿ ಹೆಂಡತಿಯ ಗದ್ದ ಹಿಡಿದುಕೊಂಡು, ಬಲಗೈಯಿಂದ ಬಾಚಣಿಗೆಯೊಂದನ್ನು ಆಕೆಯ ಕೆನ್ನೆಗೆ ನೆಟ್ಟಗೆ ಒತ್ತಿ ಹಲ್ಲು ಎಣಿಸುತ್ತಿದ್ದರು. ಬಾಚಣಿಗೆಯ ಹಲ್ಲು. ಆಕೆಯ ನೆತ್ತಿಯ ಮೇಲೆ ಒಂದು ನೋಟ್‌ಬುಕ್ಕನ್ನು ಅಡ್ಡಡ್ಡಲಾಗಿ ಇಟ್ಟಿದ್ದರು. ಅದು ಜಾರಿ ಬೀಳದಂತೆ ಆಕೆ ಕತ್ತು ಬಿಗಿಹಿಡಿದು ಕೂತಿದ್ದರು.

"ರೀ, ಚಹಾ ಆರಿಹೋಗ್ತಿದೆ."

"ಅಲ್ಲಾಡ್ಬೇಡ. ನಲವತ್ನಾಲ್ಕು, ನಲವತ್ತೈದು, ನಲವತ್ತಾರು. ಗದ್ದದಿಂದ ಕಣ್ಣಿಗೆ ನಲವತ್ತಾರು."

"ಮದುವೆಯಾದಾಗಿಂದ ನನ್ನ ಮುಖ ನೋಡೋಕೆ ನಿಮಗೆ ಪುರುಸೊತ್ತಿರ್ಲಿಲ್ಲ. ಈಗ ನೋಡ್ತಿರೋದೂ ಅಳತೆಗೆ."

ಮಾಮ ಬಾಚಣಿಗೆಯನ್ನು ಮೇಲೆ ಸರಿಸಿ, ಕಣ್ಣಿನಿಂದ ನೋಟ್‌ಬುಕ್ಕಿನವರೆಗೆ ಎಣಿಸಿದರು. ನಲವತ್ತೇಳು ಬಂತು. ಕೂದಲಿನ ದಪ್ಪಕ್ಕೆ ಒಂದು ಹಲ್ಲು ಕಳೆದರು. ನಲವತ್ತಾರಕ್ಕೆ ನಲವತ್ತಾರು. ಕಣ್ಣು ತಲೆಯ ಸರಿ ಮಧ್ಯದಲ್ಲಿದೆ. ಹಿಂದಿನ ಸಂಜೆ ಸೊಸೆ ಇದನ್ನೇ ಹೇಳಿದಾಗ ಅವರು ಒಪ್ಪಿರಲಿಲ್ಲ. ಕಣ್ಣು ಇರುವುದು ಮೇಲುಗಡೆ, ಹಣೆಯ ಕೆಳಗೆ, ಇಷ್ಟು ವರ್ಷ ತಲೆ ನೋಡಿದವನಿಗೆ ಅಷ್ಟೂ ಗೊತ್ತಿಲ್ಲವೇ ಎಂದು ವಾದ ಮಾಡಿ ಮಲಗಿದ್ದರು.

"ಅವಳು ಹೇಳಿದ್ದೇ ಸರಿ," ಎಂದು ಅವರು ನೋಟ್‌ಬುಕ್ ಇಳಿಸಿದರು.

"ಗೊತ್ತಿತ್ತು. ಅದಕ್ಕೇ ಅವಳು ಆರಾಮಾಗಿ ನಿದ್ದೆ ಮಾಡ್ತಿದಾಳೆ, ನಾನು ಇಲ್ಲಿ ತಲೆ ಕೊಟ್ಕೊಂಡು ಕೂತಿದೀನಿ," ಎಂದರು ಹೆಂಡತಿ, ಆರಿದ ಚಹಾ ಕುಡಿಯುತ್ತ.

ಕತ್ತರಿ ಮಾಮ ಎಂಬುದು ಬೀದಿಯ ಮಕ್ಕಳು ಇಟ್ಟ ಹೆಸರು. ಆ ಮಕ್ಕಳು ದೊಡ್ಡವರಾಗಿ, ಅವರ ಮಕ್ಕಳೂ ಹಾಗೇ ಕರೆಯತೊಡಗಿದ ಮೇಲೆ ಹೆಸರು ಗಟ್ಟಿಯಾಯಿತು. ಬಸ್ ನಿಲ್ದಾಣದ ಎದುರು, ಔಷಧಿ ಅಂಗಡಿಗೂ ಜೆರಾಕ್ಸ್ ಅಂಗಡಿಗೂ ನಡುವೆ ಅವರ ಸಲೂನು. ಮೂರು ಕುರ್ಚಿ, ಗೋಡೆಯ ಉದ್ದಕ್ಕೂ ಒಂದೇ ಕನ್ನಡಿ. ಅಲ್ಲಿ ಅವರು ಮೂವತ್ತನಾಲ್ಕು ವರ್ಷ ನಿಂತಿದ್ದರು. ಕೂತದ್ದು ಮಧ್ಯಾಹ್ನದ ಊಟಕ್ಕೆ ಮಾತ್ರ. ಅದರ ಫಲವಾಗಿ ಎಡಗಾಲಿನ ರಕ್ತನಾಳಗಳು ಉಬ್ಬಿಕೊಂಡು, ಪಾದದ ಗಂಟಿನ ಮೇಲೆ ಹುಣ್ಣಾಗಿ, ಅದು ಮಾಯುವುದೂ ಮತ್ತೆ ಬಾಯಿ ಬಿಡುವುದೂ ನಡೆದಿತ್ತು.

"ದಿನಕ್ಕೆ ಎರಡು ಗಂಟೆಗಿಂತ ಜಾಸ್ತಿ ನಿಂತ್ರೆ ಇದು ವಾಸಿಯಾಗಲ್ಲ," ಎಂದಿದ್ದರು ಡಾಕ್ಟರು. "ಹೀಗೇ ಬಿಟ್ರೆ ಕಾಲು ಉಳಿಸೋದು ಕಷ್ಟ ಆಗುತ್ತೆ. ಕೂತು ಮಾಡೋ ಕೆಲಸ ನೋಡ್ಕೊಳ್ಳಿ."

"ಕೂತು ಕಟಿಂಗ್ ಮಾಡೋಕಾಗಲ್ಲ ಡಾಕ್ಟ್ರೇ. ಗಿರಾಕಿ ಮೊದಲೇ ಕೂತಿರ್ತಾರೆ. ನಾನೂ ಕೂತರೆ ಅವರ ತಲೆ ಯಾರಿಗೆ ಸಿಗುತ್ತೆ?"

ಡಾಕ್ಟರು ನಗಲಿಲ್ಲ. ಹೆಂಡತಿಯೂ ನಗಲಿಲ್ಲ. ಮಾಮ ಸಲೂನನ್ನು ಪಕ್ಕದ ಕುರ್ಚಿಯಲ್ಲಿ ಹದಿನೆಂಟು ವರ್ಷ ಕೆಲಸ ಮಾಡಿದ ಜೊತೆಗಾರನ ಕೈಗೆ ಬಿಟ್ಟು ಮನೆಗೆ ಬಂದರು.

ಮನೆಯಲ್ಲಿ ಅವರು ಮೂರು ವಾರ ಇದ್ದರು. ಮೊದಲ ವಾರ ಅಂಗಳದ ಬೇಲಿಗಿಡಗಳನ್ನು ಒಂದೇ ಮಟ್ಟಕ್ಕೆ ಕತ್ತರಿಸಿದರು. ಎರಡನೆಯ ವಾರ ಕಾಲೊರಸಿನ ಅಂಚು, ಪರದೆಯ ಕುಚ್ಚು, ಪೊರಕೆಯ ತುದಿ. ಮೂರನೆಯ ವಾರ ಪಕ್ಕದ ಮನೆಯ ನಾಯಿಯನ್ನು ಒಂಥರಾ ನೋಡತೊಡಗಿದಾಗ ಹೆಂಡತಿ ಕತ್ತರಿಯನ್ನು ಎತ್ತಿಟ್ಟರು. ಆಮೇಲೆ ಅವರು ಹೊಸ ರಾಗ ತೆಗೆದರು: "ಹೋಗಿ ನಿಂತುಬಿಡ್ತೀನಿ. ಕಾಲು ಏನಾದ್ರೂ ಮಾಡ್ಕೊಳ್ಲಿ." ಮೊದಲು ತಮಾಷೆಗೆ ಹೇಳುತ್ತಿದ್ದರು. ಬರಬರುತ್ತ ಹೇಳುವಾಗ ಚಪ್ಪಲಿಯ ಕಡೆ ನೋಡತೊಡಗಿದರು.

ಇಂಥ ಹೊತ್ತಿನಲ್ಲಿ ಸೊಸೆ ಒಂದು ಸುದ್ದಿ ತಂದಳು. ಆಕೆ ಕಟ್ಟಡಗಳ ನಕ್ಷೆ ಮಾಡುವ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದಳು. ಕಂಪ್ಯೂಟರಿನಲ್ಲಿ ಮನೆ ಕಟ್ಟಿ, ಅದನ್ನು ಸುತ್ತಲೂ ತಿರುಗಿಸಿ ಗಿರಾಕಿಗಳಿಗೆ ತೋರಿಸುವುದು ಆಕೆಯ ಕೆಲಸ. ರೈಲ್ವೆ ಗೇಟಿನಾಚೆ ರಬ್ಬರಿನ ತಲೆಗಳನ್ನು ಮಾಡುವ ಒಂದು ಕಾರ್ಖಾನೆಯಿತ್ತು. ಕಟಿಂಗ್ ಕಲಿಯುವ ಶಾಲೆಗಳು, ನರ್ಸಿಂಗ್ ಕಾಲೇಜುಗಳು, ಕನ್ನಡಕದ ಅಂಗಡಿಗಳು ಅಲ್ಲಿಂದ ತಲೆ ತರಿಸಿಕೊಳ್ಳುತ್ತಿದ್ದವು. ಇಪ್ಪತ್ತು ವರ್ಷದಿಂದ ಒಂದೇ ಅಚ್ಚು, ಒಂದೇ ಮುಖ. ಈಗ ಯಜಮಾನಿಗೆ ಮುದುಕರ ತಲೆ, ಸಣಕಲರ ತಲೆ, ಬೋಳುತಲೆ ಎಲ್ಲ ಬೇಕಾಗಿತ್ತು. ಕಂಪ್ಯೂಟರಿನಲ್ಲಿ ತಲೆಯ ರೂಪ ತಿದ್ದಿ ಕೊಟ್ಟರೆ ಯಂತ್ರ ಅದನ್ನು ಪದರ ಪದರವಾಗಿ ಎರೆದು ಅಚ್ಚು ಮಾಡುತ್ತದೆ. ಆ ತಿದ್ದುವ ಕೆಲಸಕ್ಕೆ ಜನ ಬೇಕು. ಕೂತು ಮಾಡುವ ಕೆಲಸ.

"ಸರ್ಟಿಫಿಕೇಟ್ ಏನೂ ಕೇಳಲ್ವಂತೆ ಮಾವ," ಎಂದಳು ಸೊಸೆ. "ಒಂದು ತಲೆ ಮಾಡ್ಕೊಂಡು ಬರ್ಬೇಕು. ಆ ತಲೆ ಯಾರದೋ ಅವರನ್ನೂ ಕರ್ಕೊಂಡು ಬರ್ಬೇಕು. ಅವರ ಕೆಲಸದವರು ಮೂರು ಜನ ಅದನ್ನೂ ಇದನ್ನೂ ಸುತ್ತ ನೋಡಿ ಹೌದು ಅಂದ್ರೆ ಕೆಲಸ. ಎರಡು ತಿಂಗಳು ಟೈಮಿದೆ."

"ನಂಗೆ ಕಂಪ್ಯೂಟರ್ ಆನ್ ಮಾಡೋಕೂ ಬರಲ್ವಲ್ಲಮ್ಮ."

"ಅದು ಐದು ನಿಮಿಷದ ಕಲಿಕೆ. ತಲೆ ಕಲಿಯೋಕೆ ಬೇರೆಯವರಿಗೆ ಐದು ವರ್ಷ ಬೇಕು. ನಿಮ್ಮ ಹತ್ರ ಅದಿದೆ."

ಆ ರಾತ್ರಿ ಊಟಕ್ಕೆ ಕೂತಾಗ ಒಂದು ಒಪ್ಪಂದವಾಯಿತು. ಕಾರ್ಖಾನೆ ಹೌದು ಅಂದರೆ ಮಾಮ ಇನ್ನು ಸಲೂನಿನಲ್ಲಿ ನಿಲ್ಲುವ ಮಾತೆತ್ತಬಾರದು. ಇಲ್ಲ ಅಂದರೆ ಅವರು ಮರುದಿನವೇ ಸಲೂನಿಗೆ ಹೋಗಿ ಪೂರ್ತಿ ದಿನ ನಿಲ್ಲುತ್ತಾರೆ, ಅದಕ್ಕೆ ಮನೆಯವರು ಯಾರೂ ಚಕಾರ ಎತ್ತಬಾರದು. ಹೆಂಡತಿ ತಲೆಯಾಡಿಸಿದರು. ಆದರೆ ಆ ದಿನದಿಂದ, ಬಾಚಣಿಗೆ ಹಿಡಿದು ಬಂದ ಗಂಡನಿಗೆ ಬೇಡ ಅನ್ನದೆ ಮುಖ ಒಡ್ಡಿದರು. ಆರೂ ನಲವತ್ತೆರಡಕ್ಕೂ ಒಡ್ಡಿದ್ದು ಅದಕ್ಕೇ.

ಕಲಿಕೆ ಒಂದು ಬೂದು ಬಣ್ಣದ ಚೆಂಡಿನಿಂದ ಶುರುವಾಯಿತು.

"ಇದೇನಮ್ಮ, ಬೋಳಿಸಿಟ್ಟ ತಲೆ ಥರ ಇದೆ."

"ಇದು ಬರೀ ಗೋಲ. ಜೇಡಿಮಣ್ಣಿನ ಮುದ್ದೆ ಅಂದ್ಕೊಳ್ಳಿ. ಈ ಬ್ರಷ್ಷಿಂದ ಉಜ್ಜಿದರೆ ಮಣ್ಣು ಮೆತ್ತುತ್ತೆ. ಇದರಿಂದ ನುಣುಪಾಗುತ್ತೆ. ಇದರಿಂದ ಹಿಡಿದು ಎಳೀಬಹುದು. ಸದ್ಯಕ್ಕೆ ಮೂರೇ ಸಾಕು."

ಮೇಜಿನ ಮೇಲೆ ಸ್ಲೇಟಿನಂಥ ಪ್ಯಾಡು, ಅದರ ಮೇಲೆ ಆಡಿಸಲು ಶಾಯಿಯಿಲ್ಲದ ಪೆನ್ನು. ಪೆನ್ನನ್ನು ಒತ್ತಿದಷ್ಟೂ ಪರದೆಯ ಮೇಲೆ ಮಣ್ಣು ಹೆಚ್ಚು ಮೆತ್ತಿಕೊಳ್ಳುತ್ತದೆ. ಮಾಮ ಪೆನ್ನನ್ನು ಕ್ಷೌರದ ಕತ್ತಿಯ ಹಾಗೆ ಹಿಡಿದರು, ಕಿರುಬೆರಳು ಗಾಳಿಯಲ್ಲಿ. ಬರೆಯುವ ಹಾಗೆ ಹಿಡಿಯಿರಿ ಎಂದು ಹೇಳಲು ಬಾಯಿ ತೆರೆದ ಸೊಸೆ, ಅವರು ಎಳೆದ ಮೊದಲ ಗೆರೆ ನೋಡಿ ಬಾಯಿ ಮುಚ್ಚಿಕೊಂಡಳು. ಆಕೆಯ ಕಚೇರಿಯಲ್ಲಿ ಹೊಸಬರು ಎಳೆದ ಗೆರೆ ಒಂದು ಕಡೆ ಉಬ್ಬಿ ಒಂದು ಕಡೆ ತಗ್ಗಿರುತ್ತಿತ್ತು. ಮಾಮನ ಗೆರೆ ಆ ತುದಿಯಿಂದ ಈ ತುದಿಗೆ ಒಂದೇ ಆಳವಾಗಿತ್ತು. ಗಂಟಲಿನ ಮೇಲೆ ಕತ್ತಿ ಆಡಿಸಿದ ಕೈ ಅದು, ಒತ್ತಡದಲ್ಲಿ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಮಾಡುವಂತಿರಲಿಲ್ಲ.

ಅವರಿಗೆ ಎಲ್ಲಕ್ಕಿಂತ ಹಿಡಿಸಿದ್ದು ಮಾಡಿದ್ದನ್ನು ಅಳಿಸಿ ಹಿಂದಕ್ಕೆ ಹೋಗುವ ಗುಂಡಿ.

"ಅಂದ್ರೆ ಕತ್ತರಿಸಿದ್ದು ವಾಪಸ್ ಬರುತ್ತೆ?"

"ಬರುತ್ತೆ."

"ಎಷ್ಟು ಸಲ?"

"ನಿಮಗೆ ಬೇಕಾದಷ್ಟು."

ಮಾಮ ಆ ಗುಂಡಿಯನ್ನು ಒತ್ತಿದರು, ಒತ್ತಿದರು, ಇಡೀ ಮಧ್ಯಾಹ್ನದ ಕೆಲಸ ಕರಗಿ ತಲೆ ಮತ್ತೆ ಚೆಂಡಾಗುವವರೆಗೂ ಒತ್ತಿದರು. "ಇದು ಸಲೂನಲ್ಲಿ ಇದ್ದಿದ್ರೆ ಎಷ್ಟು ಬೈಗುಳ ತಪ್ತಿತ್ತು," ಎಂದು ಖುಷಿಯಿಂದ ಕುರ್ಚಿಗೆ ಒರಗಿದರು. ಅಲ್ಲಿಯವರೆಗಿನ ಕೆಲಸವನ್ನು ಉಳಿಸಿಟ್ಟಿರಲಿಲ್ಲ ಎಂಬುದು ಸೊಸೆಗೆ ಸಂಜೆ ತಿಳಿಯಿತು.

ಅವರ ಮೊದಲ ಐದು ತಲೆಗಳಿಗೆ ಒಂದು ಸಾಮಾನ್ಯ ಲಕ್ಷಣವಿತ್ತು. ಎಲ್ಲದಕ್ಕೂ ಗದ್ದ ಮೇಲೆತ್ತಿತ್ತು, ಕಣ್ಣು ಮುಚ್ಚಿತ್ತು.

"ಯಾಕೆ ಮಾವ ಎಲ್ಲರೂ ಹೀಗೆ ಮಲಗಿದ ಹಾಗಿದಾರೆ?"

"ಮಲಗಿಲ್ಲಮ್ಮ. ಶೇವಿಂಗಿಗೆ ಕೂತಿದಾರೆ."

ಹತ್ತಿರದಿಂದ ಅವರು ನೋಡಿದ ಮುಖಗಳೆಲ್ಲ ಅವೇ. ಸೋಪಿನ ನೊರೆ ಕಣ್ಣಿಗೆ ಬೀಳದಿರಲಿ ಎಂದು ಮುಚ್ಚಿದ ಮುಖಗಳು. ಕಣ್ಣು ತೆರೆಸಲು ಅವರಿಗೆ ಇನ್ನೂ ನಾಲ್ಕು ತಲೆ ಹಿಡಿಯಿತು. ಅಲ್ಲಿಯವರೆಗೆ ಹೆಂಡತಿ, "ಇವತ್ತಾದ್ರೂ ಯಾರಾದ್ರೂ ಎದ್ದರಾ?" ಎಂದು ದಿನಾ ಬಂದು ಕೇಳಿ ಹೋಗುತ್ತಿದ್ದರು.

ಇನ್ನುಳಿದಂತೆ ಕಲಿಯುವವರು ಕಷ್ಟಪಡುವ ಕಡೆ ಅವರಿಗೆ ಕಷ್ಟವೇ ಇರಲಿಲ್ಲ. ಹೊಸಬರು ಮುಖವನ್ನೇ ತಿದ್ದುತ್ತ ಕೂತು ತಲೆಯ ಹಿಂಭಾಗವನ್ನು ಚಪ್ಪಟೆ ಮಾಡುತ್ತಾರೆ. ಮಾಮನ ತಲೆಗಳ ಹಿಂಭಾಗ ತುಂಬಿಕೊಂಡಿರುತ್ತಿತ್ತು. ಕತ್ತಿನ ನಡುವಿನ ಕುಳಿ, ಕಿವಿಯ ಹಿಂದಿನ ಮೂಳೆಯ ಗಂಟು, ನೆತ್ತಿಯ ಸುಳಿ ಎಲ್ಲವೂ ಇರಬೇಕಾದಲ್ಲಿ ಇರುತ್ತಿದ್ದವು. ಎಡಕ್ಕೆ ಮಾಡಿದ್ದು ಬಲಕ್ಕೂ ತಾನೇ ಮೂಡುವ ಒಂದು ಅನುಕೂಲ ಆ ಪ್ರೋಗ್ರಾಮಿನಲ್ಲಿತ್ತು. ಕಲಿಯುವವರು ತಿಂಗಳುಗಟ್ಟಲೆ ಅದನ್ನು ನಂಬಿಕೊಂಡಿರುತ್ತಾರೆ. ಮಾಮ ಮೂರನೆಯ ದಿನವೇ ಅದನ್ನು ಬಂದ್ ಮಾಡಿಸಿದರು.

"ಎರಡೂ ಕಡೆ ಒಂದೇ ಥರ ಇರೋ ತಲೆ ನಾನು ಈವರೆಗೆ ಕಂಡಿಲ್ಲ. ಒಂದು ಕಿವಿ ಯಾವಾಗ್ಲೂ ಕೆಳಗಿರುತ್ತೆ. ಕಿವಿ ನೋಡ್ಕೊಂಡು ಕೆನ್ನೆ ಪಕ್ಕದ ಕೂದಲು ಕತ್ತರಿಸಿದರೆ ಗಿರಾಕಿ ಹೊಡಿಯೋಕೆ ಬರ್ತಾನೆ. ಕಣ್ಣು ನೋಡ್ಕೊಂಡು ಕತ್ತರಿಸ್ಬೇಕು."

ಪರೀಕ್ಷೆಯ ತಲೆಗೆ ಅವರು ಆರಿಸಿಕೊಂಡದ್ದು ಗಡಿಯಾರದಣ್ಣನನ್ನು. ಸಲೂನಿನ ಹಿಂದಿನ ಓಣಿಯಲ್ಲಿ ಕೈಗಡಿಯಾರ ರಿಪೇರಿ ಮಾಡುವ ಮನುಷ್ಯ. ಮೂವತ್ತೊಂದು ವರ್ಷದಿಂದ ಪ್ರತಿ ತಿಂಗಳ ಕೊನೆಯ ಭಾನುವಾರ ಒಂಬತ್ತು ಗಂಟೆಗೆ ಬಂದು ಮೊದಲ ಕುರ್ಚಿಯಲ್ಲಿ ಕೂರುತ್ತಿದ್ದರು. ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನಲವತ್ತು ವರ್ಷ ಬಿಗಿಹಿಡಿದಿದ್ದರಿಂದ ಆ ಕಡೆಯ ಹುಬ್ಬು ಕೆಳಗಿಳಿದು, ಕಣ್ಣಿನ ಸುತ್ತ ಗೆರೆಗಳು ಆಳವಾಗಿದ್ದವು. ಮೂಗು ತುಸು ಎಡಕ್ಕೆ ವಾಲಿತ್ತು. ಸುಳಿ ನೆತ್ತಿಯ ಬಲಕ್ಕೆ. ಎಡಗಿವಿಯ ಹಿಂದೆ ಬಟಾಣಿಯಷ್ಟು ಒಂದು ಗಂಟು. ಗುರುತು ಹಿಡಿಯಲು ಇಂಥ ತಲೆ ಬೇರೊಂದಿಲ್ಲ ಎಂಬುದು ಮಾಮನ ಲೆಕ್ಕಾಚಾರ.

"ನಾಲ್ಕು ಫೋಟೋ ತೆಗೆದು ಪಕ್ಕದಲ್ಲಿಟ್ಕೊಳ್ಳಿ ಮಾವ. ಎಲ್ಲರೂ ಹಾಗೇ ಮಾಡೋದು."

"ಫೋಟೋ ನೋಡಿ ಮಾಡಿದರೆ ಫೋಟೋದ ತಲೆ ಆಗುತ್ತೆ. ಅಣ್ಣನ ತಲೆ ನನ್ನ ಕೈಲಿದೆ."

ಸೊಸೆ ಒತ್ತಾಯಿಸಲಿಲ್ಲ. ಹನ್ನೊಂದು ದಿನ ಹಿಡಿಯಿತು. ಮಾಮ ಕಾಲನ್ನು ಒಂದು ಸ್ಟೂಲಿನ ಮೇಲೆ ಚಾಚಿಕೊಂಡು, ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಕೂತರು. ಹುಣ್ಣು ಆ ಹೊತ್ತಿಗೆ ಒಣಗಿ, ಗುಲಾಬಿ ಬಣ್ಣದ ಹೊಸ ಚರ್ಮ ಮೂಡಿತ್ತು. ಹೆಂಡತಿ ಅದನ್ನು ದಿನಾ ಬ್ಯಾಂಡೇಜು ಬದಲಿಸುವಾಗ ನೋಡುತ್ತಿದ್ದರು.

ಕಾರ್ಖಾನೆಗೆ ಹೋಗಬೇಕಾದದ್ದು ಗುರುವಾರ ಹತ್ತು ಗಂಟೆಗೆ. ಅದಕ್ಕೆ ಮುಂಚಿನ ಸೋಮವಾರ ಸಂಜೆ ಗಡಿಯಾರದಣ್ಣನನ್ನು ಮನೆಗೆ ಕರೆದರು. ಅವರ ಹೆಂಡತಿಯೂ ಜೊತೆಗೆ ಬಂದರು. ಆಕೆಯನ್ನು ಮಾಮ ಅತ್ತಿಗೆ ಎಂದು ಕರೆಯುತ್ತಿದ್ದರು. ಕಡಿಮೆ ಮಾತಿನ, ನೇರ ಮಾತಿನ ಹೆಂಗಸು.

ಗಡಿಯಾರದಣ್ಣ ಪರದೆಯ ಮುಂದೆ ಕೂತು ಬಹಳ ಹೊತ್ತು ನೋಡಿದರು. "ಇದು ನಾನೇ," ಎಂದರು. "ಬೆಳಿಗ್ಗೆ ಹಲ್ಲುಜ್ಜುವಾಗ ನೋಡ್ತೀನಲ್ಲ, ಅದೇ ಮುಖ. ಒಂದು ಚೂರೂ ವ್ಯತ್ಯಾಸ ಇಲ್ಲ ಮಾರಾಯ."

ಮಾಮ ಹೆಂಡತಿಯ ಕಡೆ ತಿರುಗಿ ಹುಬ್ಬು ಹಾರಿಸಿದರು. ಆಗ ಅತ್ತಿಗೆ ಹೇಳಿದರು:

"ಇವರಲ್ಲ."

ಅತ್ತಿಗೆ ಪರದೆಗೆ ಇನ್ನಷ್ಟು ಹತ್ತಿರ ಬಂದರು.

"ಇವರಿಗೊಬ್ಬ ತಮ್ಮ ಇದ್ದಿದ್ರೆ ಹೀಗಿರ್ತಿದ್ದನೇನೋ. ಆದ್ರೆ ಇವರಲ್ಲ."

"ಏನು ತಪ್ಪಿದೆ ಹೇಳಿ ಅತ್ತಿಗೆ. ಮೂಗಾ? ಕಣ್ಣಾ?"

"ಮೂಗೂ ಸರಿ ಇದೆ, ಕಣ್ಣೂ ಸರಿ ಇದೆ. ಎಲ್ಲಾ ಸರಿ ಇದೆ. ಇವರು ಮಾತ್ರ ಅಲ್ಲ."

"ನನ್ನ ಮುಖ ನನಗೆ ಗೊತ್ತಿಲ್ವಾ?" ಎಂದು ಗಡಿಯಾರದಣ್ಣ ರೇಗಿದರು.

"ನಿಮಗೆ ಗೊತ್ತಿದ್ರೆ ಮೊನ್ನೆ ಮೀಸೆಯಲ್ಲಿ ಅನ್ನ ಇಟ್ಕೊಂಡು ಅಂಗಡಿಗೆ ಹೋಗ್ತಿರ್ಲಿಲ್ಲ," ಎಂದರು ಅತ್ತಿಗೆ.

ಅವರು ಹೋದ ಮೇಲೆ ಮಾಮ ಬಾಚಣಿಗೆ ತೆಗೆದುಕೊಂಡು ಪರದೆಯ ಮೇಲೆಲ್ಲ ಅಳೆದರು. ಸೊಸೆ, ಅಣ್ಣ ಹೊರಡುವ ಮುಂಚೆ ಅವರ ಮುಖದಿಂದ ತೆಗೆದುಕೊಂಡಿದ್ದ ಅಳತೆಯ ಪಕ್ಕದಲ್ಲಿ, ಮೂಗಿನ ಉದ್ದ, ಕಣ್ಣುಗಳ ನಡುವಿನ ಅಂತರ, ಹಣೆಯ ಅಗಲ ಎಲ್ಲವನ್ನೂ ಬರೆದುಕೊಂಡಳು. ಅಳತೆಯಲ್ಲಿ ತಪ್ಪಿರಲಿಲ್ಲ. ತಪ್ಪು ಸಿಕ್ಕಿದರೆ ತಿದ್ದಬಹುದು. ಸಿಗದ ತಪ್ಪಿಗೆ ಏನು ಮಾಡುವುದು? ಒಬ್ಬ ಸಾಕ್ಷಿ ಹೌದು ಅನ್ನುತ್ತಾನೆ, ಇನ್ನೊಬ್ಬಳು ಅಲ್ಲ ಅನ್ನುತ್ತಾಳೆ. ಕಾರ್ಖಾನೆಯ ಮೂರು ಜನ ಯಾರ ಪಕ್ಷ ಸೇರುತ್ತಾರೋ ಯಾರಿಗೆ ಗೊತ್ತು?

"ಬಿಡಿ. ಆಗ್ಲಿಲ್ಲ ಅಂದ್ರೆ ಶುಕ್ರವಾರದಿಂದ ಸಲೂನು," ಎಂದು ಮಾಮ ಎದ್ದರು. ಹಗುರವಾಗಿ ಹೇಳಲು ನೋಡಿದರು, ಆಗಲಿಲ್ಲ.

ಹೆಂಡತಿ ಬ್ಯಾಂಡೇಜಿನ ಸುರುಳಿ ಸುತ್ತುತ್ತಿದ್ದರು. ತಲೆಯೆತ್ತದೆ ಕೇಳಿದರು: "ಅಲ್ಲಾ, ಅವರು ತಮ್ಮ ಮುಖ ನೋಡ್ಕೊಂಡಿರೋದು ಎಲ್ಲಿ? ಕನ್ನಡೀಲಿ ತಾನೇ? ಎದುರಿಗೆ ಕೂತು ನೋಡ್ತಿರೋದು ಹೆಂಡತಿ. ಅವಳ ಮಾತು ಸರಿ ಇರುತ್ತೆ."

ಮಂಗಳವಾರ ಸಲೂನಿಗೆ ರಜೆ. ಮಾಮ ಬೆಳಿಗ್ಗೆಯೇ ಜೊತೆಗಾರನಿಂದ ಕೀಲಿ ತಂದು ಬಾಗಿಲು ತೆರೆದರು. ಗಡಿಯಾರದಣ್ಣನನ್ನು ಅಂಗಡಿಯಿಂದ ಎಬ್ಬಿಸಿಕೊಂಡು ಬಂದು ಮೊದಲ ಕುರ್ಚಿಯಲ್ಲಿ ಕೂರಿಸಿ, ತಾವು ಹಿಂದೆ ನಿಂತರು, ಎಂದಿನ ಜಾಗದಲ್ಲಿ. ಕನ್ನಡಿಯಲ್ಲಿ ಗಡಿಯಾರದಣ್ಣನ ಮುಖ ಕಂಡಿತು. ಮನೆಯ ಪರದೆಯ ಮೇಲಿದ್ದ ಮುಖವೇ. ಇಳಿದ ಹುಬ್ಬು ಮಾಮನ ಬಲಗೈ ಕಡೆ.

ಆಮೇಲೆ ಅವರು ಕುರ್ಚಿಯನ್ನು ಬಳಸಿಕೊಂಡು ಮುಂದೆ ಬಂದು, ಕನ್ನಡಿಗೂ ಗಿರಾಕಿಗೂ ನಡುವಿನ ಇಕ್ಕಟ್ಟಿನಲ್ಲಿ ನಿಂತು, ಎದುರಾ ಎದುರು ನೋಡಿದರು. ಇಳಿದ ಹುಬ್ಬು ಎಡಗೈ ಕಡೆ ಬಂತು.

"ಏನಯ್ಯ, ಮೊದಲ ಸಲ ನೋಡ್ತಿರೋ ಹಾಗೆ ನೋಡ್ತಿದೀಯ?" ಎಂದರು ಗಡಿಯಾರದಣ್ಣ.

"ಹೂಂ ಅಣ್ಣ. ಮೊದಲ ಸಲವೇ ನೋಡ್ತಿರೋದು."

ಬೀದಿಯಲ್ಲಿ ಸಿಕ್ಕಾಗ ನೋಡಿರಲಿಲ್ಲವೇ ಎಂದು ಕೇಳಬಹುದು. ನೋಡಿದ್ದರು. ಬೀದಿಯಲ್ಲಿ ಸಿಕ್ಕಿದವರನ್ನು ಯಾರೂ ಐದು ಕ್ಷಣಕ್ಕಿಂತ ಹೆಚ್ಚು ನೋಡುವುದಿಲ್ಲ. ಶೇವಿಂಗನ್ನು ಅಣ್ಣ ಮನೆಯಲ್ಲೇ ಮಾಡಿಕೊಳ್ಳುತ್ತಿದ್ದರು. ಕನ್ನಡಿಯಲ್ಲಿ ಅವರು ಆ ಮುಖವನ್ನು ತಿಂಗಳಿಗೆ ಅರ್ಧ ಗಂಟೆ ನೋಡಿದ್ದರು. ಅವರ ನೆನಪಿನಲ್ಲಿ ಊರಿನ ಎಲ್ಲರ ಮುಖವೂ ಎಡಬಲ ಅದಲುಬದಲಾಗಿ ಕೂತಿತ್ತು. ಪೆನ್ನು ಹಿಡಿದಾಗ ಕೈ ಅದನ್ನೇ ಮಾಡಿತ್ತು.

ಮಾಮ ಮನೆಗೆ ಬಂದವರೇ ಸೊಸೆಯ ಕಚೇರಿಗೆ ಫೋನು ಮಾಡಿದರು. "ಇಡೀ ತಲೇನ ಕನ್ನಡೀಲಿ ಕಾಣೋ ಹಾಗೆ ತಿರುಗಿಸೋಕೆ ಆಗುತ್ತಾ?"

"ಒಂದು ಗುಂಡಿ ಒತ್ತಿದರೆ ಆಯ್ತು ಮಾವ. ಯಾಕೆ?"

ಯಾಕೆಂದು ಹೇಳಿದ ಮೇಲೆ ಆ ಕಡೆಯಿಂದ ಬಂದ ನಗುವಿಗೆ ಮಾಮ ಫೋನನ್ನು ಕಿವಿಯಿಂದ ದೂರ ಹಿಡಿಯಬೇಕಾಯಿತು. ಸಂಜೆ ಆಕೆ ಗುಂಡಿ ಒತ್ತಿದಳು. ಅತ್ತಿಗೆಯನ್ನು ಮತ್ತೆ ಕರೆಸಿದರು. ಆಕೆ ಒಳಗೆ ಕಾಲಿಡುತ್ತಲೇ, "ಇವರು," ಎಂದರು.

ಮನೆಯವರೆಲ್ಲ ಒಟ್ಟಿಗೆ ಉಸಿರು ಬಿಟ್ಟರು. ಆದರೆ ಅತ್ತಿಗೆ ಅಷ್ಟಕ್ಕೇ ಬಿಡುವವರಲ್ಲ.

"ತಿರುಗಿಸಿ ನೋಡೋಣ."

ಸೊಸೆ ತಲೆಯನ್ನು ನಿಧಾನವಾಗಿ ತಿರುಗಿಸಿದಳು. ಕೆನ್ನೆ, ಕಿವಿ, ಕತ್ತು.

"ಮುಂದಿನಿಂದ ಇವರು. ಹಿಂದಿನಿಂದ ಬೇರೆ ಯಾರೋ," ಎಂದರು ಅತ್ತಿಗೆ. "ಅಂಗಡೀಲಿ ಬಾಗಿಲಿಗೆ ಬೆನ್ನು ಮಾಡಿ ಕೂತಿರ್ತಾರೆ. ಊಟಕ್ಕೆ ಕರೆಯೋಕೆ ಹೋದಾಗೆಲ್ಲ ನಾನು ನೋಡೋದು ಈ ಬುರುಡೇನೇ. ಸುಳಿ ಆ ಕಡೆ ಬರಬೇಕು."

ಮಾಮನಿಗೆ ಆಗ ಪೂರ್ತಿ ಅರ್ಥವಾಯಿತು. ಅವರು ಮಾಡಿದ ತಲೆ ಎರಡು ತಲೆಗಳ ಬೆಸುಗೆ. ಮುಖವನ್ನು ಕಲಿತದ್ದು ಕನ್ನಡಿಯಿಂದ, ಅದು ತಿರುಗುಮುರುಗು. ಬುರುಡೆ, ಕತ್ತು, ಕಿವಿ ಕಲಿತದ್ದು ನೇರವಾಗಿ ಕಣ್ಣೆದುರು, ಕೈಬೆರಳಿನ ಕೆಳಗೆ. ಅದು ಇದ್ದ ಹಾಗೇ ಇತ್ತು. ಗುಂಡಿ ಒತ್ತಿದರೆ ಒಂದು ಸರಿಯಾಗುತ್ತದೆ, ಇನ್ನೊಂದು ಕೆಡುತ್ತದೆ. ಎರಡರ ಗಡಿ ಎಲ್ಲಿ ಎಂದು ಹುಡುಕಿದರೆ, ಕಿವಿಯ ಮುಂದೆ, ಕೆನ್ನೆ ಪಕ್ಕದ ಕೂದಲು ಇಳಿಯುವ ಸಾಲಿನಲ್ಲೇ ಇತ್ತು. ಕೈಯ ಕೆಲಸ ಮುಗಿದು ಕನ್ನಡಿಯ ಕೆಲಸ ಶುರುವಾಗುವ ಜಾಗ.

ಬುಧವಾರ ಸೊಸೆ ಅರ್ಧ ದಿನ ರಜೆ ಹಾಕಿದಳು. ಹಳೆಯ ತಲೆಯಿಂದ ಮುಖವನ್ನು ಮುಖವಾಡದ ಹಾಗೆ ಕತ್ತರಿಸಿ, ಅದನ್ನಷ್ಟೇ ತಿರುಗಿಸಿ, ಮತ್ತೆ ಅದೇ ಬುರುಡೆಗೆ ಕೂರಿಸಿದರು. ಕೂರಲಿಲ್ಲ. ಬಲಗೆನ್ನೆಯ ಕಡೆ ಎರಡು ಮಿಲಿಮೀಟರ್ ಮೆಟ್ಟಿಲಿನಂತೆ ಎದ್ದು ನಿಂತಿತು, ಎಡಗಡೆ ಅಷ್ಟೇ ತಗ್ಗು ಬಿತ್ತು.

"ನುಣುಪು ಮಾಡೋ ಬ್ರಷ್ಷಿಂದ ಉಜ್ಜಿಬಿಡಿ," ಎಂದಳು ಸೊಸೆ.

"ಉಜ್ಜಿದರೆ ಗೆರೆ ಹೋಗುತ್ತೆ, ಮುಖವೂ ಹೋಗುತ್ತೆ. ನೀನು ಸ್ವಲ್ಪ ಸುಮ್ಮನಿರಮ್ಮ."

ಕತ್ತಿನ ಹತ್ತಿರ ಮಿಷನ್ನಿನಿಂದ ಸಣ್ಣಗೆ ಕತ್ತರಿಸಿದ ಕೂದಲು, ಮೇಲೆ ನಾಲ್ಕು ಬೆರಳು ಉದ್ದ. ಎರಡರ ನಡುವೆ ಎಲ್ಲಿಯೂ ಗೆರೆ ಕಾಣದ ಹಾಗೆ ಇಳಿಸುತ್ತ ಬರುವುದು ಮಾಮನ ಕಸುಬಿನ ಅತ್ಯಂತ ನಾಜೂಕಿನ ಕೆಲಸ. ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎಂದು ಹೇಳಲಾಗಬಾರದು. ಅವರು ಮೆಟ್ಟಿಲನ್ನು ಒಂದೇ ಕಡೆ ಕೆರೆಯದೆ, ಕೆನ್ನೆಯ ಮೂಳೆಯಿಂದ ಕಿವಿಯ ಹಿಂದಿನವರೆಗೆ ಹಂಚುತ್ತ ಹೋದರು. ಇಲ್ಲಿ ಕೂದಲೆಳೆಯಷ್ಟು ತೆಗೆದು, ಅಲ್ಲಿ ಕೂದಲೆಳೆಯಷ್ಟು ಮೆತ್ತಿ, ಪ್ರತಿ ಹತ್ತು ನಿಮಿಷಕ್ಕೊಮ್ಮೆ ತಲೆಯನ್ನು ಸುತ್ತ ತಿರುಗಿಸಿ, ಬೆಳಕನ್ನು ಪಕ್ಕದಿಂದ ಬೀಳಿಸಿ ನೋಡಿದರು. ಆ ದಿನ ಅವರು ಹಿಂದಕ್ಕೆ ಹೋಗುವ ಗುಂಡಿಯನ್ನು ಒಂದು ಸಲವೂ ಮುಟ್ಟಲಿಲ್ಲ. ಸಂಜೆ ನಾಲ್ಕೂವರೆಗೆ ಸೊಸೆ ಪರದೆಗೆ ಮೂಗು ತಾಗಿಸಿ ಹುಡುಕಿದರೂ ಗಡಿ ಸಿಗಲಿಲ್ಲ.

ಗುರುವಾರ ಹತ್ತಕ್ಕೆ ಐವರೂ ಕಾರ್ಖಾನೆಯಲ್ಲಿದ್ದರು. ಉದ್ದನೆಯ ಕೋಣೆ, ಗೋಡೆಯ ತುಂಬ ಕಪಾಟು, ಕಪಾಟಿನ ತುಂಬ ಒಂದೇ ಮುಖ. ಮುನ್ನೂರು ಜನ ಅವಳಿಗಳು ಒಂದೇ ಕಡೆ ನೋಡುತ್ತಿದ್ದ ಹಾಗಿತ್ತು. ಯಜಮಾನಿ ಐವತ್ತು ದಾಟಿದ, ಏಪ್ರನ್ನಿನ ಜೇಬಿನಲ್ಲಿ ಬಣ್ಣದ ಬ್ರಷ್ಷು ಸಿಕ್ಕಿಸಿಕೊಂಡ ಹೆಂಗಸು. ಗಡಿಯಾರದಣ್ಣನನ್ನು ಕಿಟಕಿಯ ಬೆಳಕಿನಲ್ಲಿ ಸ್ಟೂಲಿನ ಮೇಲೆ ಕೂರಿಸಿ, ಪಕ್ಕದಲ್ಲಿ ಪರದೆ ಇಟ್ಟರು. ಮೂವರು ಕೆಲಸದವರು ಬಂದರು. ಅಚ್ಚು ಎರೆಯುವವನು, ಹುಬ್ಬು ತುಟಿ ಬರೆಯುವವಳು, ಪೆಟ್ಟಿಗೆಗೆ ತುಂಬುವವನು. ಅವರು ಗಡಿಯಾರದಣ್ಣನ ಸುತ್ತ ಒಂದು ಸುತ್ತು ಬರುವುದು, ಪರದೆಯ ತಲೆಯನ್ನು ಒಂದು ಸುತ್ತು ತಿರುಗಿಸುವುದು. ಹೀಗೆ ಮೂರು ಸಲ.

"ಹೌದು," ಎಂದ ಅಚ್ಚಿನವನು.

"ಹೌದು. ಕಿವಿ ಹಿಂದಿನ ಗಂಟೂ ಇದೆ," ಎಂದಳು ಹುಬ್ಬು ಬರೆಯುವವಳು.

ಪೆಟ್ಟಿಗೆಯವನು ತಲೆ ಕೆರೆದುಕೊಂಡು, "ನನಗೆ ಇವರು ಯಾರೂಂತ ಗೊತ್ತಿಲ್ಲ. ಆದ್ರೆ ಇಬ್ಬರೂ ಒಬ್ಬರೇ," ಎಂದ.

ಮಾಮನ ಹೆಂಡತಿ ಸೊಸೆಯ ಕೈ ಹಿಡಿದುಕೊಂಡರು. ಆಗ ಯಜಮಾನಿ ಗಡಿಯಾರದಣ್ಣನನ್ನೇ ಕೇಳಿದರು: "ನೀವೇನಂತೀರಿ?"

ಗಡಿಯಾರದಣ್ಣ ಬದುಕಿನಲ್ಲಿ ಸುಳ್ಳು ಹೇಳಿದವರಲ್ಲ. ಪರದೆಯನ್ನು ನೋಡಿ ಮುಖ ಹುಳ್ಳಗೆ ಮಾಡಿ ಹೇಳಿದರು: "ಇದು ನಾನಲ್ಲ. ಸೋಮವಾರ ಇತ್ತಲ್ಲ, ಅದು ನಾನು. ಇದನ್ನ ಏನೋ ಮಾಡಿ ಕೆಡಿಸಿದಾನೆ."

ಅತ್ತಿಗೆ ಹಣೆ ಚಚ್ಚಿಕೊಂಡರು. "ಅಯ್ಯೋ ಇವರ ಬಾಯಿಗಿಷ್ಟು. ಇವರ ಮಾತು ಕೇಳ್ಬೇಡಿ ಮೇಡಂ."

ಮಾಮ ಬೆಳ್ಳಗಾದರು. ಇಷ್ಟೂ ಆಗಿ ಕೊನೆಗೆ ತಲೆಯ ಒಡೆಯನೇ ಕೈಕೊಟ್ಟಿದ್ದ. ಕನ್ನಡಿಯ ಕತೆಯನ್ನು ಮೊದಲಿಂದ ಹೇಳಲು ಹೊರಟರು. ಯಜಮಾನಿ ಕೈಯೆತ್ತಿ ತಡೆದು ನಕ್ಕರು.

"ಹೇಳೋದು ಬೇಡ. ಹಿಂದೆ ಮಣ್ಣಲ್ಲಿ ತಲೆ ಮಾಡ್ತಿದ್ದಾಗ್ಲೂ ಇದೇ ಗೋಳು. ಎಲ್ಲರೂ ಹೌದು ಅಂದು, ತಲೆ ಕೊಟ್ಟೋರು ಮಾತ್ರ ನಾನಲ್ಲ ಅಂದ್ರೆ, ತಲೆ ಸರಿಯಾಗಿ ಬಂದಿದೆ ಅಂತ ನಮ್ಮ ಲೆಕ್ಕ. ಅವರೂ ಹೌದು ಅಂದಿದ್ರೆ ನನಗೆ ಅನುಮಾನ ಬರ್ತಿತ್ತು." ಆಮೇಲೆ ಮಾಮನ ಎಡಗಾಲಿನ ಬ್ಯಾಂಡೇಜು ನೋಡಿ, ಅಚ್ಚಿನವನಿಗೆ ಹೇಳಿದರು: "ಕಿಟಕಿ ಹತ್ರದ ಮೇಜು ಖಾಲಿ ಮಾಡು. ಕಾಲಿಡೋಕೆ ಒಂದು ಸ್ಟೂಲೂ ಹಾಕು."

ಮಾಮನ ಹೆಂಡತಿ ಸೆರಗಿನಿಂದ ಕಣ್ಣು ಒರೆಸಿಕೊಂಡು, ಕಪಾಟಿನ ಧೂಳು ಎಂದರು.

ಸೋಮವಾರ ಕೆಲಸಕ್ಕೆ ಸೇರಿದಾಗ ಒಂದು ಅರ್ಜಿ ತುಂಬಬೇಕಿತ್ತು. ಬರೆಯುತ್ತಿದ್ದುದು ಹುಬ್ಬು ಬರೆಯುವವಳೇ, ಅವಳ ಅಕ್ಷರ ಚೆನ್ನಾಗಿತ್ತು. ವಯಸ್ಸು ಐವತ್ತಾರು, ವಿಳಾಸ, ರಕ್ತದ ಗುಂಪು ಆದ ಮೇಲೆ ಆಕೆ ಕೇಳಿದಳು: "ಅನುಭವ ಅಂತ ಇದೆ. ಏನಂತ ಬರೀಲಿ ಮಾಮ? ಇದುವರೆಗೆ ಎಷ್ಟು ತಲೆ ಮಾಡಿದೀರಿ?"

ಸುಮ್ಮನೆ ಏನೋ ಒಂದು ಹೇಳಬಹುದಿತ್ತು. ಮಾಮ ಸ್ಟೂಲಿನ ಮೇಲೆ ಕಾಲು ಚಾಚಿಕೊಂಡು, ಕಣ್ಣು ಮುಚ್ಚಿ, ಬೆರಳು ಮಡಿಸುತ್ತ ಲೆಕ್ಕ ಹಾಕಿದರು. ಮೂವತ್ತನಾಲ್ಕು ವರ್ಷ, ವಾರದ ರಜೆ, ಜ್ವರ, ಮದುವೆಮನೆ ಎಲ್ಲ ಕಳೆದು ವರ್ಷಕ್ಕೆ ಮುನ್ನೂರು ದಿನ, ದಿನಕ್ಕೆ ಸರಾಸರಿ ಹದಿನಾಲ್ಕು. ಅದಕ್ಕೆ ಈಚೆಗೆ ಕಂಪ್ಯೂಟರಿನಲ್ಲಿ ಮಾಡಿದ ಹತ್ತೊಂಬತ್ತನ್ನು ಕೂಡಿಸಿದರು, ಶೇವಿಂಗಿಗೆ ಕೂತಿದ್ದ ತಲೆಗಳನ್ನೂ ಬಿಡದೆ. ಆಮೇಲೆ ಕಣ್ಣು ತೆರೆದು, ಆಕೆಗೆ ಬರೆದುಕೊಳ್ಳಲು ಅನುಕೂಲವಾಗಲಿ ಎಂದು ಬಿಡಿಬಿಡಿಯಾಗಿ ಹೇಳಿದರು:

"ಒಂದು ಲಕ್ಷದ ನಲವತ್ತೆರಡು ಸಾವಿರದ ಎಂಟುನೂರ ಹತ್ತೊಂಬತ್ತು."